ಹೊರೆಗಲ್ಲು

“ಇಳಸಬೇ ಹೊರಿ! ಏನ್ ನಿಮ್ಮಪ್ಪ ನೀರು ಹಾಕಿ ಬೆಳಸಿದ ಅಡವಿ ಅಂತ ತಿಳದಿಯೇನು?”

ಮಾಳಮ್ಮ ನಿಂತಳು. ನಿಂತಳಷ್ಟೇ, ಇಳಿಸಲಿಲ್ಲ. ಗುಡ್ಡದ ಕಾಲುದಾರಿ ಊರ ರಸ್ತೆಗೆ ಬಂದು ಕೂಡುವಲ್ಲಿ ಮೋಟಾರ್ ಸೈಕಲ್ಲು ಅಡ್ಡ ಹಾಕಿಕೊಂಡು ಕುಳಿತಿದ್ದ ಗಾರ್ಡ್ ಸಂತೋಷಕುಮಾರನಿಗೆ ಅವಳ ಮುಖ ಕಾಣುತ್ತಿರಲಿಲ್ಲ. ಕಟ್ಟಿಗೆಯ ತುದಿಗಳು ಬಾಗಿ ಅವಳ ಕಣ್ಣಿನ ತನಕ ಇಳಿದಿದ್ದವು. ನಿಜ ಹೇಳಬೇಕೆಂದರೆ ಅವಳ ಅಪ್ಪ ನೀರು ಹಾಕಿದ್ದು ಹೌದು. ಹಿಂದೆ ಈ ಬೋಳುಗುಡ್ಡಕ್ಕೆ ಬೇವು, ಜಾಲಿ, ನೀಲಗಿರಿಯ ಸಸಿ ಹಚ್ಚಿದಾಗ ಹಳ್ಳದಿಂದ ಕೊಡ ಹೊತ್ತವರೆಲ್ಲ ಕೇರಿಯವರೇ. ಆದರೆ ಬೈಗುಳಕ್ಕೆ ಪುರಾವೆ ಒದಗಿಸುತ್ತ ನಿಲ್ಲುವ ಹೊತ್ತು ಅದಾಗಿರಲಿಲ್ಲ. ಬಿಸಿಲು ಇಳಿಯುತ್ತಿತ್ತು, ಕುತ್ತಿಗೆ ಸೆಟೆದಿತ್ತು, ಮನೆಯಲ್ಲಿ ಒಲೆ ಆರಿತ್ತು.

“ನಾವಽ ಕಡದದ್ರಿ ಸಾಹೇಬ್ರ. ನೀವು ಬಣ್ಣ ಹಚ್ಚಿದ ಗಿಡಾನಽ ಕಡದೇವಿ.”

“ಕಡದಿ ಅಂದ್ರ ನಿಂದಾತೇನು? ನಾಳಿ ಗೌಡ್ರ ಅಂಗಳ ಕಸ ಹೊಡದು ಮನಿನೂ ನಂದಽ ಅಂತೀಯೇನು?”

“ಮಗಳು ಬಾಣಂತಿ ಅದಾಳ್ರಿ. ನೀರು ಕಾಸಬೇಕು. ಹೊರಸಿನ ಬುಡಕ ಕೆಂಡ ಇಡಬೇಕು. ಥಂಡಿ ನೋಡ್ರಿ ಹೆಂಗದ.”

“ಅದಕ್ಕ ನಾ ಏನ್ ಮಾಡ್ಲಿ? ನಾ ಏನ್ ಬಸುರ ಮಾಡೇನೇನು?” ತನ್ನ ಮಾತಿಗೆ ತಾನೇ ನಕ್ಕು, ಲಾಠಿಯ ತುದಿಯಿಂದ ಹೊರೆಯನ್ನು ತಿವಿದ. ಹೊರೆ ವಾಲಿ ಧೊಪ್ಪನೆ ದಾರಿಗೆ ಬಿತ್ತು. ಅದನ್ನು ಕಟ್ಟಿದ್ದ ಸೀರೆಯ ಅಂಚಿನ ಚೂರು ಮಾತ್ರ ಬಿಚ್ಚಿಕೊಳ್ಳಲಿಲ್ಲ. ಮಾಳಮ್ಮನ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. “ಇನ್ಮ್ಯಾಲ ಇದು ಕಟ್ಟಿಗಿ ಅಲ್ಲ, ತಿಳೀತಾ? ಕಚ್ಚಾ ಮಾಲು. ಸಮಿತಿ ಮಾಲು. ಹೊತಗೊಂಡು ನಡಿ ಶೆಡ್ಡಿಗೆ.”

ಕಟ್ಟಿಗೆ ಕಚ್ಚಾ ಮಾಲಾಗಿ ಎರಡು ತಿಂಗಳಾಗಿತ್ತು. ಗುಡ್ಡದ ಗಿಡಗಳು ಒತ್ತೊತ್ತಾಗಿ ಬೆಳೆದು ಒಂದೂ ದಪ್ಪಗಾಗದೆ ನಿಂತಿವೆ. ನಡುನಡುವಿನ ಸಣ್ಣವನ್ನು ತೆಗೆದರೆ ಉಳಿದವು ಬಲಿಯುತ್ತವೆ. ತೆಗೆದ ಕಟ್ಟಿಗೆಯಿಂದ ಊರವರೇ ಗುದ್ದಲಿ, ಕೊಡಲಿಯ ಕಾವು, ಗೂಟ, ಲಟ್ಟಣಿಗೆ ಮಾಡಿ ಮಾರಿ ಬದುಕಬಹುದು. ಹೀಗೆಂದು ಬೆಂಗಳೂರಿನ ಸಂಸ್ಥೆಯೊಂದು ಊರಿನ ಅರಣ್ಯ ಸಮಿತಿಗೆ ಅನುದಾನ ಕೊಟ್ಟಿತ್ತು. ಜೋಳದ ಸಾಲಿನಲ್ಲಿ ಸಸಿ ತೆಳುವು ಮಾಡಿ ಗೊತ್ತಿದ್ದ ಹೆಂಗಸರಿಗೆ ಇದರಲ್ಲಿ ತಿಳಿಯದ್ದೇನೂ ಇರಲಿಲ್ಲ. ತಿಳಿಯದೆ ಹೋದದ್ದು ಒಂದು ಷರತ್ತು ಮಾತ್ರ. ಅನುದಾನದ ಜೊತೆಗೆ ಊರಿನ ಪಾಲೂ ಇರಬೇಕಂತೆ. ಆ ಪಾಲನ್ನು ಶ್ರಮದಾನದ ರೂಪದಲ್ಲಿ ಕೊಡುತ್ತೇವೆಂದು ಸಮಿತಿಯ ಅಧ್ಯಕ್ಷ ಶಿವರಾಯಗೌಡರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಮನಸ್ಸು ಗೌಡರದು, ಶ್ರಮ ಕೇರಿಯದು. ವಾರದಲ್ಲಿ ಕೆಲವು ದಿನ ಕೂಲಿ, ಕೆಲವು ದಿನ ದಾನ. ಯಾವ ದಿನ ಯಾವುದೆಂಬುದು ದಿನ ಮುಗಿದ ಮೇಲೆ ಗೊತ್ತಾಗುತ್ತಿತ್ತು.

“ಎತ್ತಬೇ, ಏನ್ ನೋಡಾಕತ್ತಿದಿ?”

“ಒಬ್ಬಾಕಿ ಹೆಂಗ ಎತ್ತಲ್ರಿ?”

ತಲೆಹೊರೆಯನ್ನು ಒಬ್ಬರೇ ಎತ್ತಿಕೊಳ್ಳಲಾಗುವುದಿಲ್ಲ. ಆಚೆ ತುದಿಗೆ ಇನ್ನೊಂದು ಜೊತೆ ಕೈ ಬೇಕು. ಕೈ ಹಚ್ಚು ಬಾ ಎಂದು ಕರೆದರೆ ದಾರಿಯಲ್ಲಿ ಯಾರಿದ್ದರೂ ಬರಬೇಕೆಂಬುದು ಕೇರಿಯ ಹೆಂಗಸರ ಕಟ್ಟಳೆ. ಮಾತು ಬಿಟ್ಟ ವಾರಗಿತ್ತಿಯರೂ ಬಂದು, ಮುಖ ಅತ್ತ ತಿರುಗಿಸಿಕೊಂಡೇ ಎತ್ತಿಸಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಜಗಳ ಹಿಡಿಯುತ್ತಿದ್ದರು. ಊರವರು ಮಾತ್ರ ಕೇರಿಯವರ ಹೊರೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಗುಡ್ಡದ ಬುಡದಲ್ಲಿ, ಯಾವ ಕಾಲದ್ದೋ, ಎದೆಮಟ್ಟದ ಕರಿಕಲ್ಲೊಂದಿತ್ತು. ಕೊನೆಗೆ ಉಳಿದವಳು ಹೊರೆಯನ್ನು ಅದರ ಮೇಲೆ ಏರಿಸಿಟ್ಟು, ಬಾಗಿ ತಲೆ ಕೊಟ್ಟು, ಯಾರ ಹಂಗೂ ಇಲ್ಲದೆ ಎದ್ದು ಹೋಗುತ್ತಿದ್ದಳು. ಹೊರೆಗಲ್ಲು. ಹೋದ ತಿಂಗಳು ಗೌಡರ ಜೆಸಿಬಿ ಬಂದು ಅದನ್ನು ಕಿತ್ತೊಯ್ದಿತು. ಶೆಡ್ಡಿನ ಮುಂದೆ ನಿಲ್ಲಿಸಿ, ಉದ್ಘಾಟನೆ ಮಾಡುವವರ ಹೆಸರು ಕೆತ್ತಿದ ಹಲಗೆ ಕೂಡಿಸಲು ಅಂಥ ಗಟ್ಟಿಕಲ್ಲು ಬೇರೆಲ್ಲೂ ಸಿಗಲಿಲ್ಲವಂತೆ.

ಸಂತೋಷಕುಮಾರ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ ಗುಡ್ಡದ ಕಡೆ ಕೂಗಿದ. “ಏಯ್, ಯಾರಽ ಬರಾಕತ್ತೀರಿ? ಲಗೂನ ಬರ್ರಿ ಇಲ್ಲಿ!”

ಬಂದವಳು ಹೀರಾಬಾಯಿ, ಮಾಳಮ್ಮನ ಪಕ್ಕದ ಮನೆಯವಳು. ಅವಳ ಹೊರೆಯನ್ನು ಆಗಲೇ ಮೇಲೆಯೇ ಕಸಿದಿದ್ದರು. ಬರಿಗೈಲಿ, ತಲೆಯ ಮೇಲೆ ಸಿಂಬಿಯೊಂದನ್ನೇ ಇಟ್ಟುಕೊಂಡು ಬರುತ್ತಿದ್ದಳು.

“ಹಿಡಿಯಕ್ಕ,” ಎಂದು ಆಚೆ ತುದಿಗೆ ಕೈ ಹಚ್ಚಿದಳು. ಎತ್ತಿಸುತ್ತ, ಗಾರ್ಡಿಗೆ ಕೇಳಿಸಿಯೂ ಕೇಳಿಸದಷ್ಟು ಗಟ್ಟಿಯಾಗಿ ಅಂದಳು: “ಹಾಟ್ಯಾನ ಕೈಗೆ ಮೈಲಿಗಿ ಆಗ್ತದ ನೋಡು. ಲಾಠಿಗೆ ಆಗಂಗಿಲ್ಲ.”

ಮಾಳಮ್ಮ ತನ್ನ ಹೊರೆಯನ್ನು ತಾನೇ ಹೊತ್ತು ಶೆಡ್ಡಿಗೆ ಒಯ್ದು ಹಾಕಿ ಬಂದಳು.

*

ಮರುದಿನ ಮುಂಜಾನೆ ಗೌಡರ ಹಿತ್ತಲ ಬಾಗಿಲಲ್ಲಿ ನಿಂತಳು. ಮುಂಬಾಗಿಲಿಗೆ ಹೋಗುವ ರೂಢಿ ಯಾರೂ ಮಾಡಿಸಿರಲಿಲ್ಲ.

ಶಿವರಾಯಗೌಡರು ಕೆಟ್ಟ ಮನುಷ್ಯರಲ್ಲವೆಂದು ಊರಲ್ಲಿ ಹೆಸರಿತ್ತು. ಏರುದನಿಯಲ್ಲಿ ಮಾತಾಡುತ್ತಿರಲಿಲ್ಲ. ಬನಿಯನ್ನಿನ ಮೇಲೆ ಟವಲ್ ಹೊದ್ದು, ಕಲ್ಲಿನ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದವರು ಅವಳನ್ನು ಕಂಡು ಬಾಯಿ ಮುಕ್ಕಳಿಸಿದರು.

“ಏನ್ ಮಾಳವ್ವ, ಮೊಮ್ಮಗ ಆಗ್ಯಾನಂತಲ್ಲ?”

“ಮೊಮ್ಮಗಳ್ರಿ.”

“ಆಗ್ಲಿ ಬಿಡು. ಲಕ್ಷ್ಮಿ.” ಅವರ ದನಿಯಲ್ಲಿ ಸಂತಾಪವಿತ್ತು.

ಮಾಳಮ್ಮ ಬಂದ ಕೆಲಸ ಹೇಳಿದಳು. ಗೌಡರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ನೋಡವ್ವ, ಕಾಯ್ದೆ ಅಂದ್ರ ಕಾಯ್ದೆ. ನಿನಗ ಒಂದು, ನನಗ ಒಂದು ಇರಂಗಿಲ್ಲ. ಇವತ್ತು ನಿನಗ ಒಂದ್ ಹೊರಿ ಬಿಟ್ರ ನಾಳಿ ಇಡೀ ಕೇರಿ ಬರ್ತದ. ಆಮ್ಯಾಲ ಉದ್ಯೋಗ ಹೆಂಗ ನಡೀಬೇಕು? ಅದು ನಿಮ್ಮದಽ ಉದ್ಯೋಗ. ನಿಮ್ಮ ಸಲುವಾಗೇ ನಾ ಇಷ್ಟ ಓಡ್ಯಾಡಾಕತ್ತೇನಿ.”

ಮಾಳಮ್ಮ ತಲೆ ಆಡಿಸುತ್ತಿದ್ದಳು. ಅವಳ ಕಣ್ಣು ಮಾತ್ರ ಗೌಡರ ಹೆಗಲಾಚೆಗೆ ಹೋಗಿತ್ತು. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ ಗುಳುಗುಳು ಕುದಿಯುತ್ತಿತ್ತು. ಒಲೆಯ ಬಾಯಲ್ಲಿ ನೀಲಗಿರಿಯ ಕೋಲುಗಳು ಉರಿಯುತ್ತಿದ್ದವು. ಪಕ್ಕದಲ್ಲಿ ಇನ್ನರ್ಧ ಹೊರೆ ಗೋಡೆಗೆ ಒರಗಿತ್ತು. ಅದರ ನಡುವಿಗೆ ಹಸಿರು ಸೀರೆಯ ಕೆಂಪಂಚಿನ ಚೂರು. ಗಂಟು ಬಿಚ್ಚಲಾಗದೆ ಯಾರೋ ಕೋಲುಗಳನ್ನು ಒಂದೊಂದಾಗಿ ಎಳೆದು ತೆಗೆದಿದ್ದರು.

“ಅದು ನಂದಽ ಹೊರಿ ಅಲ್ರಿ ಗೌಡ್ರ? ನಿನ್ನೆದು?”

ಗೌಡರು ತಿರುಗಿ ನೋಡಿದರು. ಗಾಬರಿಯಾಗಲಿಲ್ಲ. “ಅದೇನು? ಸ್ಯಾಂಪಲ್ಲು. ಕಟ್ಟಿಗಿ ಒಣಗೇದೋ ಇಲ್ಲೋ ಅಂತ ನೋಡಬೇಕಲ್ಲ.”

“ಒಣಗೇದೇನ್ರಿ?”

“ಛಲೋ ಒಣಗೇದ.”

ನೀಲಗಿರಿಯ ಹೊಗೆಗೆ ಒಂದು ಔಷಧಿಯ ಘಮ ಇರುತ್ತದೆ. ಬಾಣಂತಿಗೆ ಒಳ್ಳೆಯದೆಂದು ಸೂಲಗಿತ್ತಿ ಹೇಳಿದ್ದಳು.

“ಹಂಗಾರ ನಾಕು ಕೊಳ್ಳಿ ಕೊಡ್ರಿ. ನಮ್ಮ ಮನ್ಯಾಗೂ ನೋಡ್ತೀವಿ, ಒಣಗೇದೋ ಇಲ್ಲೋ.”

ಗೌಡರ ಮುಖದ ಮೇಲಿನ ಒಳ್ಳೆಯತನ ಟವಲಿನಂತೆ ಜಾರಿತು. “ಮೆತ್ತಗ ಮಾತಾಡಿದ್ರ ತಲಿ ಮ್ಯಾಲೇ ಕೂಡ್ತೀರಿ ನೋಡು ನೀವು. ಬೋಸುಡಿ, ಯಾರ ಮುಂದ ನಿಂತು ಮಾತಾಡಾಕತ್ತಿದಿ? ಮೊಬೈಲ್ ಹಿಡದ್ರಿ, ಗ್ಯಾಸ್ ಹಿಡದ್ರಿ, ಮನಿ ಮ್ಯಾಲ ನೀಲಿ ಝಂಡಾ ಹಚ್ಚಿದ್ರಿ. ಖರೆ, ನಮ್ಮ ಹಿತ್ತಲಕ ಬರೋದು ಬಿಡವಲ್ರಿ.”

ಒಳಗಿನಿಂದ ಗೌಡತಿ ಕೆಮ್ಮಿದರು. ಗೌಡರು ಟವಲು ಸರಿಮಾಡಿಕೊಂಡರು. ಮತ್ತೆ ಒಳ್ಳೆಯವರಾದರು.

“ಬುಧವಾರ ಉದ್ಘಾಟನಾ ಅದ. ಬೆಂಗಳೂರಿಂದ ಸಾಹೇಬ್ರು ಬರ್ತಾರ. ನೀವು ಹೆಣಮಕ್ಕಳು ಎಲ್ಲಾ ಛಲೋ ಸೀರಿ ಉಟಗೊಂಡು, ತಲಿ ಮ್ಯಾಲ ಒಂದೊಂದು ಹೊರಿ ಹೊತಗೊಂಡು ಸಾಲಾಗಿ ಬರಬೇಕು. ಫೋಟೋ ತಗೀತಾರ. ಫೋಟೋ ಆದ ಮ್ಯಾಲ ಹೊತ್ತ ಹೊರಿ ಮನಿಗೆ ಒಯ್ರಿ. ಆತಲ್ಲ? ಅಲ್ಲೀತನಾ ನಮ್ಮ ಕೊಟಗಿ ಹಸನ ಮಾಡಿ ಅರ್ಧ ಸಗಣಿ ಒಯ್ಯಿ, ಕುಳ್ಳು ಬಡಕೋ.”

ಮಾಳಮ್ಮ ಕೊಟ್ಟಿಗೆ ಹಸನು ಮಾಡಿದಳು. ಕುಳ್ಳು ಒಣಗಲು ಎಷ್ಟು ಬಿಸಿಲು ಬೇಕೆಂದು ಬೆಳಗಿನ ಚಳಿಯಲ್ಲಿ ಸಗಣಿ ಬಾಚುತ್ತ ಲೆಕ್ಕ ಹಾಕಿದಳು. ಬುಧವಾರವೇ ಹತ್ತಿರವಿತ್ತು.

*

ಸರ್ಕಾರ ಕೊಟ್ಟ ಗ್ಯಾಸಿನ ಸಿಲಿಂಡರು ಮಾಳಮ್ಮನ ಮನೆಯ ಮೂಲೆಯಲ್ಲಿತ್ತು. ಒಮ್ಮೆ ಉರಿದು ಮುಗಿದ ಮೇಲೆ ಅದು ಸ್ಟೂಲಾಗಿ ಉಪಯೋಗಕ್ಕೆ ಬಂದಿತ್ತು. ಈಗ ಅದರ ಮೇಲೆ ಅವಳ ಗಂಡ ಹುಲೆಪ್ಪ ಕುಳಿತಿದ್ದ. ಭೂಸನೂರ ಕಡೆ ಕಬ್ಬು ಕಡಿಯಲು ಹೋಗಿದ್ದವನು ಮೊಮ್ಮಗಳನ್ನು ನೋಡಲೆಂದು ಬಂದಿದ್ದ. ನೋಡಿಯಾಗಿತ್ತು. ಇನ್ನು ಏನು ಮಾಡಬೇಕೆಂದು ತಿಳಿಯದೆ ಕಬ್ಬಿನ ರವದಿಯ ಒಣಗರಿ ಕೊಯ್ದು ಗೀರಾದ ಕೈಗಳನ್ನು ನೋಡಿಕೊಳ್ಳುತ್ತಿದ್ದ.

“ಸೈಕಲ್ ಟಾಯರ್ ಅದಽ ಹಿಂದ,” ಅಂದ.

“ಟಾಯರ್ ಸುಟ್ಟ ಹೊಗಿ ಕೂಸಿಗೆ ಕುಡಸ್ತಿಯೇನು?”

ಹೊರಸಿನ ಮೇಲೆ ರಾಧಿಕಾ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿದ್ದಳು. ಹೊರಸಿನ ಕೆಳಗೆ ಕೆಂಡದ ಬುಟ್ಟಿಯಲ್ಲಿ ಬೂದಿಯಷ್ಟೇ ಇತ್ತು. ಕೂಸು ಅಳುವುದನ್ನು ನಿಲ್ಲಿಸಿತ್ತು. ಅದು ಮಾಳಮ್ಮನಿಗೆ ಸಮಾಧಾನಕ್ಕಿಂತ ಹೆಚ್ಚಾಗಿ ಹೆದರಿಕೆ ತಂದಿತು. ಹೋಗಿ ಮುಟ್ಟಿ ನೋಡಿದಳು. ಪಾದ ತಣ್ಣಗಿದ್ದವು.

“ಯವ್ವಾ, ಉಗುರುಬೆಚ್ಚಗ ಇದ್ರೂ ಸಾಕು ಬಿಡು ನೀರು,” ರಾಧಿಕಾ ಅಂದಳು. ಹೇಳುವಾಗ ಹಲ್ಲು ಕಟಕಟ ಅಂದವು. ಮೊದಲ ಹೆರಿಗೆಗೆ ತವರಿಗೆ ಬಂದ ಮಗಳು ತಾಯಿಗೆ ಹೇಳುವ ಮಾತಾಗಿರಲಿಲ್ಲ ಅದು.

ಮಾಳಮ್ಮ ಎದ್ದು ಅಟ್ಟಕ್ಕೆ ಕೈ ಹಾಕಿ ಒನಕೆ ಎಳೆದಳು.

“ಅವ್ವನ ಒನಕಿ ಬೇ ಅದು,” ಹುಲೆಪ್ಪ ಅಂದ.

“ಅವ್ವ ಬಂದು ಕುಟ್ತಾಳೇನು?”

ಹುಲೆಪ್ಪ ಸಿಲಿಂಡರಿನ ಮೇಲಿಂದ ಎದ್ದ. ಕೊಡಲಿ ತಂದು ತಾನೇ ಸೀಳಿದ. ಕಬ್ಬಿಣದಂತಿದ್ದ ಹಳೆಯ ಜಾಲಿ. ಸೀಳಲು ಬಹಳ ಹೊತ್ತು ಹಿಡಿಯಿತು, ಉರಿಯಲು ಅಷ್ಟೇನೂ ಹಿಡಿಯಲಿಲ್ಲ. ಅದರ ಕೆಂಡ ಮಾತ್ರ ಚೆನ್ನಾಗಿ ಉಳಿಯಿತು. ಎರಡು ದಿನಕ್ಕೆ ಒನಕೆ, ಮೂರನೆಯ ದಿನ ಬಾಗಿಲ ಹಿಂದಿನ ಅಗಳಿ, ಆಮೇಲೆ ಹೀರಾಬಾಯಿ ತಂದುಕೊಟ್ಟ ಮುರುಕು ಹೊರಸಿನ ಕಾಲು. ಬುಧವಾರ ಬೆಳಗಾದಾಗ ಮನೆಯಲ್ಲಿ ಕಟ್ಟಿಗೆಯದೆಂದು ಉಳಿದದ್ದು ಬಾಣಂತಿ ಮಲಗಿದ ಹೊರಸು ಮತ್ತು ಕೊಡಲಿಯ ಕಾವು.

“ಇವತ್ತು ಹೊರಿ ತರ್ತೇನಿ,” ಮಾಳಮ್ಮ ಮಗಳಿಗೆ ಹೇಳಿದಳು. “ತಲಿ ಮ್ಯಾಲಿಂದ ಎರಕೋವಂತಿ, ಸುಡುಸುಡು.”

“ಕೊಡ್ತಾರಂತೇನು?” ಹುಲೆಪ್ಪ ಕೇಳಿದ.

“ಗೌಡ್ರು ಅಂದಾರ.”

ಗೌಡರು ಅಂದದ್ದನ್ನು ಹುಲೆಪ್ಪ ಬಹಳ ವರ್ಷದಿಂದ ಕೇಳುತ್ತ ಬಂದಿದ್ದ.

*

ಶೆಡ್ಡಿಗೆ ಬಣ್ಣ ಹೊಡೆದಿದ್ದರು. ಒಳಗೆ ಕಾವು ಕಡೆಯುವ ಯಂತ್ರ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ನಿಂತಿತ್ತು. ಅದಕ್ಕೆ ಬೇಕಾದ ಕರೆಂಟು ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಗುದ್ದಲಿ ಕಾವುಗಳನ್ನು ಆಳಂದದ ಮುರ್ತುಜಾನ ಅಂಗಡಿಯಿಂದ ಹಿಂದಿನ ದಿನ ತರಿಸಿದ್ದರು. ಒಂದೆರಡರ ಮೇಲೆ ದರದ ಚೀಟಿ ಇನ್ನೂ ಅಂಟಿಕೊಂಡಿತ್ತು. ಗುಡ್ಡದಿಂದ ಇಳಿದ ಕಚ್ಚಾ ಮಾಲು ಟೆಂಪೊ ಟೆಂಪೊ ಗೌಡರ ಅಳಿಯನ ಇಟ್ಟಂಗಿ ಭಟ್ಟಿಗೆ ಹೋಗುವುದು ಊರಿಗೆಲ್ಲ ಗೊತ್ತಿತ್ತು, ಬೆಂಗಳೂರಿಗೆ ಗೊತ್ತಿರಲಿಲ್ಲ.

ಶೆಡ್ಡಿನ ಮುಂದೆ ಹೊರೆಗಲ್ಲು ನಿಂತಿತ್ತು. ಅದರ ಮುಖಕ್ಕೆ ಬಿಳಿ ಹಲಗೆ ಕೂಡಿಸಿ, ಮೇಲಿಂದ ಕೆಂಪು ಪರದೆ ಇಳಿಬಿಟ್ಟು, ಚೆಂಡುಹೂವಿನ ಮಾಲೆ ಸುತ್ತಿದ್ದರು. ಹೆಂಗಸರು ಅದನ್ನು ನೋಡಿ ಗುರುತು ಹಿಡಿದರು, ಮದುಮಗನ ವೇಷದಲ್ಲಿ ನಿಂತ ಹಳೆಯ ಪರಿಚಯದವನನ್ನು ಗುರುತಿಸಿದ ಹಾಗೆ.

“ಹೆಂಗ ಆಗ್ಯಾನ ನೋಡ್ ನಮ್ಮಪ್ಪ,” ಅಂದಳು ಹೀರಾಬಾಯಿ.

ಸಾಹೇಬರ ಹೆಸರು ಅರುಣಕುಮಾರ. ಬಿಳಿ ಬೂಟು, ಸಂಕೋಚದ ನಗೆ. ಜೊತೆಗೆ ಕ್ಯಾಮೆರಾ ಹಿಡಿದ ಹುಡುಗಿ ಐಶ್ವರ್ಯಾ. ಹೆಂಗಸರು ಹೊರೆ ಹೊತ್ತು ಸಾಲಾಗಿ ಬಂದರು. ಫೋಟೋ ಆಯಿತು.

“ಇನ್ನೊಂದ್ಸಲ, ಪ್ಲೀಸ್. ಮುಖ ಕಾಣ್ತಾ ಇಲ್ಲ. ಸ್ವಲ್ಪ ನಗ್ತಾ ಬನ್ನಿ,” ಅಂದಳು ಐಶ್ವರ್ಯಾ.

ಇಳಿಸಿದರು. ಒಬ್ಬರಿಗೊಬ್ಬರು ಕೈ ಹಚ್ಚಿ ಮತ್ತೆ ಹೊತ್ತರು. ನಗುತ್ತ ಬಂದರು. ಹೊರೆಯ ಅಡಿಯಲ್ಲಿ ನಕ್ಕರೆ ಕುತ್ತಿಗೆಯ ನರ ಎದ್ದು ಕಾಣುತ್ತದೆ. ಅದು ಫೋಟೋಕ್ಕೆ ಚೆಂದವಾಗಿಯೇ ಬಂತು.

ಗೌಡರು ಕಾಯಕದ ಮೇಲೆ ಮಾತಾಡಿದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದಾಗ ಮುಂದಿನ ಕುರ್ಚಿಗಳಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹಿಂದೆ ನೆಲದ ಮೇಲೆ ಕುಳಿತವರೂ ತಟ್ಟಿದರು, ಕೈಗೆ ಚಳಿ ಹಿಡಿದಿತ್ತು. ಸಾಹೇಬರು, ಇನ್ನು ಮೇಲೆ ನಿಮ್ಮ ತಲೆಯ ಮೇಲಿನ ಹೊರೆ ಇಳಿಯಲಿದೆ ಅಂದರು. ಅದು ಮಾತ್ರ ಕೂಡಲೇ ನಿಜವಾಯಿತು. ಮಾತು ಮುಗಿಯುವ ಮುಂಚೆಯೇ ಸಂತೋಷಕುಮಾರ ಹೆಂಗಸರ ಕಡೆ ಬಂದು ಕಿವಿಯ ಹತ್ತಿರ ಬಾಗಿ ಹೇಳಿದ:

“ಹೊರಿ ಎಲ್ಲಾ ಶೆಡ್ಡಿನ ಹಿಂದ ಒಟ್ಟಿ, ಸುಮ್ಮ ಮನಿಗೆ ನಡೀರಿ. ಊಟ ಉಳದ್ರ ಕರೀತೀವಿ.”

ಉಳಿದವರು ಸೊಂಟ ಹಿಡಿದು ಮೇಲೆದ್ದರು. ಮಾಳಮ್ಮ ಎದ್ದು, ಪರದೆಯ ದಾರ ಹಿಡಿದು ನಿಂತಿದ್ದ ಗೌಡರ ಹತ್ತಿರ ಹೋದಳು.

“ಗೌಡ್ರ, ಹೊರಿ ಒಯ್ತೇನ್ರಿ.”

“ಆಮ್ಯಾಲ ನೋಡಾಣ.”

“ನೀವಽ ಅಂದಿದ್ರಿ. ಕೂಸಿನ ಕಾಲು ತಣ್ಣಗ ಆಗಾಕತ್ಯಾವ್ರಿ.”

ಗೌಡರು ಕ್ಯಾಮೆರಾದ ಕಡೆ ನಗುತ್ತಲೇ ಹಲ್ಲಿನ ಸಂದಿಯಿಂದ ಅಂದರು: “ಹೋಗಬೇ ರಂಡಿ, ಮಾನ ಕಳೀಬ್ಯಾಡ.”

“ಏನಂತೆ?” ಸಾಹೇಬರು ಕೇಳಿದರು.

“ಭಾಳ ಖುಷಿ ಆಗ್ಯಾಳ್ರಿ ಸರ್.”

“ಹಾಗಾದ್ರೆ ಮಾತಾಡ್ಲಿ ಬಿಡಿ. ಬಾಮ್ಮ, ಧೈರ್ಯವಾಗಿ ಹೇಳು. ನಮ್ಮಿಂದ ನಿಮಗೆ ಏನಾಗ್ಬೇಕು?” ಸಾಹೇಬರು ಮೈಕನ್ನು ಅವಳ ಬಾಯಿಗೆ ಹಿಡಿದರು. ಐಶ್ವರ್ಯಾ ಕ್ಯಾಮೆರಾ ಎತ್ತಿದಳು.

ಮಾಳಮ್ಮ ಮೈಕನ್ನೂ ನೋಡಿದಳು, ಬೂಟನ್ನೂ ನೋಡಿದಳು. ಯೋಜನೆ, ಶ್ರಮದಾನ, ಸ್ಯಾಂಪಲ್ಲು, ಎಲ್ಲವನ್ನೂ ಹೇಳಲು ಶುರುಮಾಡಿದರೆ ಎಲ್ಲಿಂದ ಹಿಡಿಯಬೇಕು? ಅಷ್ಟೆಲ್ಲ ಹೇಳುವ ತ್ರಾಣ ಅವಳಲ್ಲಿರಲಿಲ್ಲ. ತಿರುಗಿ ಹೋಗಿ, ತನ್ನ ಹೊರೆಯ ಒಂದು ತುದಿಯನ್ನು ಎರಡೂ ಕೈಯಿಂದ ಹಿಡಿದು ನಿಂತಳು.

“ಒಂದ್ ಕೈ ಹಚ್ರಿ,” ಅಂದಳು.

ಸಾಹೇಬರು ಅವಳ ಹಿಂದೆಯೇ ಮೈಕು ಹಿಡಿದು ಬಂದಿದ್ದರು. ಮಾತು ಶೆಡ್ಡಿನ ಎರಡೂ ಬದಿಗಿಟ್ಟ ಸ್ಪೀಕರಿನ ಕರಿಡಬ್ಬಿಗಳಿಂದ ಹೊರಟು ಊರ ಮೇಲೆ ಹೋಯಿತು. ಒಂದ್ ಕೈ ಹಚ್ರಿ. ಕೇರಿಯ ಗೋಡೆಗೆ ಬಡಿದು ತಿರುಗಿಯೂ ಬಂತು.

“ಏನು, ಅರ್ಥ ಆಗ್ಲಿಲ್ಲ,” ಅಂದರು ಸಾಹೇಬರು.

“ಹೊರಿ ಎತ್ತಸ್ರಿ ಅಂತ. ಆ ಕಡಿ ಹಿಡೀರಿ. ಮನಿಗೆ ಒಯ್ಯಬೇಕು.”

ಸಾಹೇಬರು ಒಂದು ಹೆಜ್ಜೆ ಮುಂದಿಟ್ಟರು. ಗೌಡರು ಅವರ ತೋಳನ್ನು ಮೃದುವಾಗಿ ಮುಟ್ಟಿದರು. “ಸರ್, ಬಟ್ಟಿ ಹೊಲಸಾಗ್ತಾವ.” ಇಟ್ಟ ಹೆಜ್ಜೆ ಅಲ್ಲೇ ಉಳಿಯಿತು. ಸಾಹೇಬರು ಗೌಡರನ್ನು ನೋಡಿದರು, ಗೌಡರು ಗಾರ್ಡನ್ನು ನೋಡಿದರು, ಗಾರ್ಡು ಹೀರಾಬಾಯಿಯನ್ನು ನೋಡಿದ.

“ಏಯ್, ನೀ ಹಚ್ಚಬೇ ಕೈ. ಎತ್ತಿಸಿ ಅತ್ಲಾಗ ಶೆಡ್ಡಿಗೆ ಕಳಸು.”

ಹೀರಾಬಾಯಿ ಕೈಕಟ್ಟಿಕೊಂಡು ನಿಂತಿದ್ದಳು. ಜನ್ಮದಲ್ಲಿ ಮೊದಲ ಸಲ, ಕೈ ಹಚ್ಚು ಎಂದು ಕರೆದಾಗ ಅವಳು ಹೋಗಲಿಲ್ಲ.

“ನನ್ನ ಕೈ ಶ್ರಮದಾನಕ್ಕ ಹೋಗ್ಯಾವ್ರಿ ಸಾಹೇಬ್ರ. ಇನ್ನಾ ಬಂದಿಲ್ಲ. ನಿಮ್ಮವು ಖಾಲಿ ಅದಾವಲ್ಲ?”

ಮಾಳಮ್ಮ ಅರ್ಧ ಎತ್ತಿದ ಹೊರೆಯನ್ನು ಹಿಡಿದೇ ಇದ್ದಳು. ಇಷ್ಟು ಮಂದಿ ಇದ್ದರು, ಇಷ್ಟು ಕೈಗಳಿದ್ದವು. ಒಂದು ದಾರ ಹಿಡಿದಿತ್ತು, ಒಂದು ಮೈಕು, ಒಂದು ಲಾಠಿ. ಉಳಿದವು ತೊಡೆಯ ಮೇಲೆ ಸುಮ್ಮನೆ ಕುಳಿತಿದ್ದವು.

ಅವಳು ಹೊರೆಯನ್ನು ನೆಟ್ಟಗೆ ನಿಲ್ಲಿಸಿದಳು. ಅಪ್ಪಿ ಹಿಡಿದು, ಎಳೆಯುತ್ತ, ಗೌಡರ ಮುಂದಿನಿಂದಲೇ ಒಯ್ದು ಕಲ್ಲಿಗೆ ಒರಗಿಸಿದಳು. ಗೌಡರು ಹಿಂದೆ ಸರಿದರು. ಅದು ಮುಟ್ಟೀತೆಂಬ ಹೆದರಿಕೆಯಿಂದಲೇ ಸರಿದದ್ದು, ದಾರ ಕೈಬಿಟ್ಟಿತು. ಬುಡಕ್ಕೆ ಕೈ ಹಾಕಿ, ಮೊಣಕಾಲು ಕೊಟ್ಟು ನೂಕಿದಳು. ಹೊರೆ ಉರುಳಿ ಕಲ್ಲಿನ ನೆತ್ತಿಯ ಮೇಲೆ ಅಡ್ಡ ಕುಳಿತಿತು, ಯಾವಾಗಲೂ ಕುಳಿತುಕೊಳ್ಳುತ್ತಿದ್ದ ಹಾಗೆ. ಚೆಂಡುಹೂವಿನ ಮಾಲೆ ಹರಿಯಿತು. ಮಾಳಮ್ಮ ಸಿಂಬಿ ಸರಿಮಾಡಿಕೊಂಡು, ಬಾಗಿ, ತಲೆ ಕೊಟ್ಟು ಎದ್ದಳು.

ಕೋಲಿಗೆ ಸಿಕ್ಕಿಕೊಂಡ ಕೆಂಪು ಪರದೆ ಅವಳೊಂದಿಗೇ ಹೊರಟಿತು. ಹಲಗೆ ತೆರೆದುಕೊಂಡಿತು: ಗೌಡರ ಹೆಸರು, ಸಾಹೇಬರ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಗ್ರಾಮ ಸಮುದಾಯದ ಸಹಭಾಗಿತ್ವದಲ್ಲಿ’. ಉದ್ಘಾಟನೆ ಮುಗಿದಿತ್ತು. ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ ನಿಲ್ಲಿಸಿದರು.

“ಏಯ್! ನಿಂದ್ರಬೇ! ನಿಮ್ಮೌನ, ನಿಂದ್ರ ಅಂದ್ರ!”

ಮಾಳಮ್ಮ ನಡೆದಳು. ಹಿಂದೆ ಇನ್ನೊಂದು ಹೊರೆ ನೆಲದ ಮೇಲೆ ಸರಸರ ಎಳೆದ ಸಪ್ಪಳ ಕೇಳಿತು, ಹೀರಾಬಾಯಿಯ ದನಿಯೂ ಕೇಳಿತು: “ಜರಾ ಸರೀರಿ ಸಾಹೇಬ್ರ. ಪಾಳಿ ನಂದು.” ಅದರ ಹಿಂದೆ ಇನ್ನೊಂದು ಸಪ್ಪಳ. ಕುರ್ಚಿ ಬಿದ್ದ ಸಪ್ಪಳ. ಆಮೇಲೆ ಮೋಟಾರ್ ಸೈಕಲ್ಲಿಗೆ ಒದ್ದದ್ದು, ಅದು ಹೊತ್ತಿಕೊಳ್ಳದ್ದು, ಮತ್ತೆ ಒದ್ದದ್ದು.

ಎಷ್ಟು ಮಂದಿ ಹೊರೆ ಎತ್ತಿದರು, ಎಷ್ಟು ಮಂದಿ ಅಲ್ಲೇ ಉಳಿದರು ಎಂಬುದು ಅವಳಿಗೆ ಕಾಣುವಂತಿರಲಿಲ್ಲ. ತಲೆಯ ಮೇಲೆ ಹೊರೆ ಇದ್ದಾಗ ಕುತ್ತಿಗೆ ತಿರುಗುವುದಿಲ್ಲ. ಎದುರಿಗೆ ಕೇರಿಯ ದಾರಿ ಇತ್ತು. ಮುಂದೆ ಇಳಿಬಿದ್ದ ಪರದೆಯ ಅಂಚು ಗಾಳಿಗೆ ಹಾರಿ ಹಾರಿ ಅದನ್ನೂ ಮುಚ್ಚುತ್ತಿತ್ತು.

ಮೋಟಾರ್ ಸೈಕಲ್ಲು ಹೊತ್ತಿಕೊಂಡಿತು. ಸದ್ದು ಹತ್ತಿರ ಬರತೊಡಗಿತು. ಅದು ಬಂದಾಗ ದಾರಿಯ ಬದಿಗೆ ಸರಿದು ನಿಲ್ಲುವುದು ಕೇರಿಯವರ ರೂಢಿ. ಮಾಳಮ್ಮನ ಕಾಲು ಬದಿಗೆ ಹೊರಟದ್ದೂ ಹೌದು. ಅಲ್ಲಿ ಜಾಲಿಮುಳ್ಳು ಕಂಡಿತು.

ಅವಳು ನಡುದಾರಿಗೆ ಬಂದು, ಅದೇ ನಡಿಗೆಯಲ್ಲಿ, ಮುಂದೆ ನಡೆದಳು.